ಕ್ಯೋಟೋದ ಮನೆ, ನಮ್ಮೂರಿನ ಮಕ್ಕಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಜಪಾನಿ ಭಾಷೆ ಕಲಿಯಲು ನಾನು ಹತ್ತು ತಿಂಗಳು ಕ್ಯೋಟೋ ನಗರದಲ್ಲಿದ್ದೆ. ಹಾಸ್ಟೆಲಿನಲ್ಲಲ್ಲ, ಒಂದು ಕುಟುಂಬದ ಜೊತೆ. ಮನೆಯ ಯಜಮಾನಿಯನ್ನು ‘ಒಕಾಸಾನ್’ ಅಂದರೆ ಅಮ್ಮ, ಯಜಮಾನರನ್ನು ‘ಒತೋಸಾನ್’ ಅಂದರೆ ಅಪ್ಪ ಎಂದೇ ಕರೆಯುತ್ತಿದ್ದೆ. ಅವರು ಊಟಕ್ಕೆ ಕುಳಿತಾಗ ನಾನೂ ಕೂರಬೇಕು. ಸ್ನಾನಕ್ಕೆ ಮೊದಲು ಹೊರಗೆ ಮೈ ತೊಳೆದು, ಆಮೇಲೆ ಬಿಸಿನೀರಿನ ತೊಟ್ಟಿಗೆ ಇಳಿಯಬೇಕು. ಅದೇ ನೀರಿಗೆ ಮನೆಯವರೆಲ್ಲ ಸರದಿಯಂತೆ ಇಳಿಯುತ್ತಾರೆ.

ತರಗತಿಯಲ್ಲಿ ಲಿಪಿ ಕಲಿಸಿದರು. ಹಿರಗಾನ 46 ಅಕ್ಷರ, ಕತಕಾನ 46, ಅದರ ಮೇಲೆ ನಿತ್ಯಬಳಕೆಗೆಂದು ಸರ್ಕಾರ ಪಟ್ಟಿ ಮಾಡಿರುವ ಕಾಂಜಿ 2,136. ಆದರೆ ಮಾತು ಬಂದದ್ದು ಆ ಮನೆಯ ಅಡುಗೆಮನೆಯಲ್ಲಿ.

ಅಲ್ಲಿ ನನ್ನ ಕೈಹಿಡಿದದ್ದು ಕನ್ನಡ. ಜಪಾನಿಯಲ್ಲಿಯೂ ನಮ್ಮಂತೆ ಕ್ರಿಯಾಪದ ಕೊನೆಗೇ ಬರುತ್ತದೆ. ‘ಅನ್ನವನ್ನು ತಿನ್ನುತ್ತೇನೆ’ ಎನ್ನಲು ‘ಗೊಹಾನ್ ಒ ತಬೆಮಸು’. ನಮ್ಮ ‘ಅನ್ನು’ ಪ್ರತ್ಯಯದ ಜಾಗದಲ್ಲಿ ಅವರ ‘ಒ’. ಮನೆಯಿಂದ ಹೊರಡುವಾಗ ‘ಇತ್ತೆ ಕಿಮಸು’ ಎನ್ನಬೇಕು. ಪದಕ್ಕೆ ಪದ ‘ಹೋಗಿ ಬರುತ್ತೇನೆ’. ಈ ಶಾಲೆಯಲ್ಲಿ ಕನ್ನಡ ಮೇಷ್ಟ್ರು ಬಾಯಿಪಾಠ ಮಾಡಿಸಿದ ವಿಭಕ್ತಿ ಪ್ರತ್ಯಯಗಳು ಅಷ್ಟು ದೂರದಲ್ಲಿ ಉಪಯೋಗಕ್ಕೆ ಬಂದವು. ಕನ್ನಡ ಮಾಧ್ಯಮದ ಮಕ್ಕಳು ಇದನ್ನು ನೆನಪಿಡಬೇಕು.

ಒಕಾಸಾನ್ ನನಗೆ ವ್ಯಾಕರಣ ಹೇಳಿಕೊಡಲಿಲ್ಲ. ನಾನು ಮಾತಿಗಾಗಿ ತಡಕಾಡುವಾಗ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕಾಯುತ್ತಿದ್ದರು. ನನ್ನ ವಾಕ್ಯವನ್ನು ತಾವೇ ಮುಗಿಸುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಕಲಿಯುವವನ ಶ್ರಮ ಎಷ್ಟು ಮುಖ್ಯವೋ ಕೇಳುವವರ ತಾಳ್ಮೆಯೂ ಅಷ್ಟೇ ಮುಖ್ಯ ಎಂಬುದು ನನಗೆ ತಿಳಿದದ್ದು ಅವರಿಂದ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ನಮ್ಮ ಸುತ್ತಲಿನ ಕಾಫಿ ತೋಟಗಳ ಕೆಲಸಕ್ಕೆ ಅಸ್ಸಾಮಿನಿಂದ ಬಂದವರ ಮಕ್ಕಳು ಇಂದು ಇದೇ ಶಾಲೆಯ ಬೆಂಚುಗಳ ಮೇಲೆ ಕುಳಿತಿದ್ದಾರೆ. ನಾನು ಇಷ್ಟಪಟ್ಟು ಪರದೇಶಕ್ಕೆ ಹೋದವನು. ಅವರು ಹೊಟ್ಟೆಪಾಡಿಗೆ ಬಂದವರು. ನನಗೆ ಮಾತಾಡಿಸಲು ಒಂದು ಮನೆಯಿತ್ತು. ಶಾಲೆ ಬಿಟ್ಟು ಲೈನ್ ಮನೆಗೆ ಹೋದ ಮೇಲೆ ಆ ಮಕ್ಕಳನ್ನು ಕನ್ನಡದಲ್ಲಿ ಮಾತಾಡಿಸುವವರು ಯಾರು? ತರಗತಿಯಲ್ಲಿ ಅವರು ಸುಮ್ಮನಿದ್ದರೆ ದಡ್ಡರೆಂದು ತಿಳಿಯಬಾರದು. ಮಾತಿನ ಭಯಕ್ಕೇ ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟರೆ ನಷ್ಟ ಅವರಿಗೂ ಹೌದು, ಊರಿಗೂ ಹೌದು.

ಶಾಲೆಗೆ ಬಣ್ಣ ಬಳಿಸಿದ್ದೇವೆ, ಸಂತೋಷ. ಇನ್ನೊಂದು ಕೆಲಸಕ್ಕೆ ಚಂದಾ ಬೇಕಿಲ್ಲ. ಭಾನುವಾರ ನಿಮ್ಮ ಮಕ್ಕಳ ಜೊತೆ ಓದುವ ಅಂಥ ಒಂದು ಮಗುವನ್ನು ಊಟಕ್ಕೆ ಕರೆಯಿರಿ. ಅದು ಮಾತಾಡುವಾಗ ವಾಕ್ಯ ಮುಗಿಯುವವರೆಗೆ ಕಾಯಿರಿ. ಅದರ ಭಾಷೆಯ ನಾಲ್ಕು ಮಾತು ನೀವೂ ಕೇಳಿ ಕಲಿಯಿರಿ.