ಕೊರಟಗೆರೆಯ ಮುನ್ಸೀಫರಿಗೆ ಮೇಲಿನವರು ಯಾರು?



ಹೊಳವನಹಳ್ಳಿಯಂಥ ಊರಿನಲ್ಲಿ ಕೋರ್ಟು ಎಂದರೆ ಮೊದಲು ನೆನಪಾಗುವುದು ಬದು. ಜಯಮಂಗಲಿಯ ಆಸುಪಾಸಿನ ತೆಂಗು-ಅಡಿಕೆ ತೋಟಗಳಲ್ಲಿ ಒಂದು ಮಾರು ಅಗಲದ ಬದುವಿಗಾಗಿ, ಬಾವಿ ನೀರಿನ ಸರದಿಗಾಗಿ, ಅಣ್ಣತಮ್ಮಂದಿರ ಪಾಲಿಗಾಗಿ ಹೂಡಿದ ದಾವೆ ಮೊದಲು ಕೊರಟಗೆರೆಗೆ ಹೋಗುತ್ತದೆ. ಅಲ್ಲಿ ಸೋತವರು ಮಧುಗಿರಿ, ತುಮಕೂರು ಎಂದು ಅಲೆದು, ಕೊನೆಗೆ ಬೆಂಗಳೂರಿನ ಅಠಾರಾ ಕಚೇರಿಯ ಮೆಟ್ಟಿಲು ಹತ್ತುತ್ತಾರೆ. ಈ ಅಲೆದಾಟದ ನಡುವೆ ಎಲ್ಲೋ ಒಂದು ಕಡೆ, ಬಸ್ಸಿಗೆ ಕಾಯುತ್ತ ಕುಳಿತ ಕಕ್ಷಿದಾರನ ಬಾಯಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಈ ಸಾಹೇಬರ ಮೇಲೆ ದೂರು ಕೊಡಬೇಕಾದರೆ ಯಾರಿಗೆ ಕೊಡುವುದು?’

ತಹಶೀಲ್ದಾರರ ಮೇಲೆ ದೂರಿದ್ದರೆ ಅಸಿಸ್ಟೆಂಟ್ ಕಮಿಷನರು ಇದ್ದಾರೆ, ಅವರ ಮೇಲೆ ಡಿ.ಸಿ. ಇದ್ದಾರೆ. ಸಬ್‌ಇನ್‌ಸ್ಪೆಕ್ಟರ ಮೇಲೆ ದೂರಿದ್ದರೆ ಎಸ್.ಪಿ. ಇದ್ದಾರೆ. ಯಾರೂ ಕೇಳದಿದ್ದರೆ ಶಾಸಕರ ಮನೆ ಇದೆ. ಆದರೆ ನ್ಯಾಯಾಧೀಶರ ವಿಷಯದಲ್ಲಿ ಈ ಬಾಗಿಲುಗಳೆಲ್ಲ ಮುಚ್ಚಿರುತ್ತವೆ. ಅವನ್ನು ಮುಚ್ಚಿದ್ದು ಯಾರದೋ ಸೊಕ್ಕಿನಿಂದಲ್ಲ, ಬೇಕೆಂದೇ ಮುಚ್ಚಿದ್ದು. ಏಕೆಂಬುದನ್ನು ತಿಳಿಯಲು ತುಸು ಹಿಂದಕ್ಕೆ ಹೋಗಬೇಕು.

ಪಾಳೆಯಗಾರರ ಕಾಲದಲ್ಲಿ ಹೊಳವನಹಳ್ಳಿಯ ನ್ಯಾಯ ಪಾಳೆಯಗಾರನ ಚಾವಡಿಯಲ್ಲೇ ತೀರುತ್ತಿತ್ತು. ಕಂದಾಯ ಕೇಳುವವನೂ ಅವನೇ, ತಪ್ಪು-ಒಪ್ಪು ಹೇಳುವವನೂ ಅವನೇ. 1831ರಿಂದ 1881ರವರೆಗೆ ಮೈಸೂರನ್ನು ಆಳಿದ ಬ್ರಿಟಿಷ್ ಕಮಿಷನರುಗಳ ಕಾಲದಲ್ಲಿಯೂ ಈ ಗಂಟು ಪೂರ್ತಿ ಬಿಚ್ಚಲಿಲ್ಲ. ಮೇಲೆ ಹುಜೂರ್ ಅದಾಲತ್ ಬಂದರೂ ತಾಲ್ಲೂಕಿನಲ್ಲಿ ಅಮಲ್ದಾರರೇ ಸಣ್ಣಪುಟ್ಟ ದಾವೆಗಳನ್ನೂ ಕೇಳುತ್ತಿದ್ದರು. 1884ರಲ್ಲಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟ್ ಸ್ಥಾಪನೆಯಾಯಿತು, 1930ರಲ್ಲಿ ಅದು ಹೈಕೋರ್ಟ್ ಎನಿಸಿತು. ಸರ್ಕಾರದ ಮೇಲೆಯೇ ದಾವೆ ಹೂಡಬೇಕಾದ ರೈತನಿಗೆ, ಸರ್ಕಾರದ ಹಂಗಿನಲ್ಲಿ ಕುಳಿತವರು ತೀರ್ಪು ಕೊಟ್ಟರೆ ನಂಬಿಕೆ ಹುಟ್ಟುವುದೆಂತು? ಈ ಹಳೆಯ ಅನುಭವವೇ ಸಂವಿಧಾನದ 235ನೇ ವಿಧಿಯ ಹಿಂದಿದೆ. ಜಿಲ್ಲಾ ನ್ಯಾಯಾಲಯ ಮತ್ತು ಅದರ ಕೆಳಗಿನ ಎಲ್ಲ ನ್ಯಾಯಾಲಯಗಳ ಮೇಲಿನ ನಿಯಂತ್ರಣವನ್ನು ಆ ವಿಧಿ ಹೈಕೋರ್ಟಿನ ಕೈಗೆ ಕೊಟ್ಟಿತು.

‘ನಿಯಂತ್ರಣ’ ಎಂಬ ಒಂದು ಪದದ ಅರ್ಥಕ್ಕಾಗಿ ಸರ್ಕಾರಗಳು ಬಹಳ ಜಗ್ಗಾಡಿವೆ. ಪಶ್ಚಿಮ ಬಂಗಾಳದಲ್ಲಿ ನೃಪೇಂದ್ರನಾಥ ಬಾಗ್ಚಿ ಎಂಬ ಅಪರ ಜಿಲ್ಲಾ ನ್ಯಾಯಾಧೀಶರು ನಿವೃತ್ತರಾಗಬೇಕಿದ್ದಾಗ ಸರ್ಕಾರ ಅವರ ಸೇವೆಯನ್ನು ಮುಂದುವರಿಸಿತು. ಏಕೆಂದರೆ ತಾನೇ ವಿಚಾರಣೆ ನಡೆಸಿ ಅವರನ್ನು ವಜಾ ಮಾಡಬೇಕಿತ್ತು! ಹಾಗೆಯೇ ಮಾಡಿತು. 1960ರ ದಶಕದ ಮಧ್ಯದಲ್ಲಿ ಸುಪ್ರೀಂ ಕೋರ್ಟು ಆ ವಜಾ ನಿಲ್ಲದೆಂದಿತು. ನಿಯಂತ್ರಣವೆಂದರೆ ರಜೆ ಮಂಜೂರು ಮಾಡುವುದಷ್ಟೇ ಅಲ್ಲ, ಶಿಸ್ತುಕ್ರಮವೂ ಅದರೊಳಗೇ ಬರುತ್ತದೆ. ವಿಚಾರಣೆ ನಡೆಸುವುದು ಹೈಕೋರ್ಟಿನ ಕೆಲಸ ಎಂಬುದು ಆ ತೀರ್ಪಿನ ಸಾರ. 1974ರ ಶಂಶೇರ್ ಸಿಂಗ್ ಮೊಕದ್ದಮೆಯಲ್ಲಿ ಕಥೆ ತಿರುಗಿತ್ತು. ಅಲ್ಲಿ ಪಂಜಾಬಿನ ಹೈಕೋರ್ಟೇ ತನ್ನ ಅಧೀನ ನ್ಯಾಯಾಧೀಶರ ಮೇಲಿನ ವಿಚಾರಣೆಯನ್ನು ಸರ್ಕಾರದ ವಿಚಕ್ಷಣ ಇಲಾಖೆಗೆ ಒಪ್ಪಿಸಿಬಿಟ್ಟಿತ್ತು. ಮನೆಯ ಬೀಗದ ಕೈಯನ್ನು ತಾವೇ ಬೀದಿಯವರಿಗೆ ಕೊಟ್ಟಂತಹ ಈ ನಡೆಯನ್ನು ಸುಪ್ರೀಂ ಕೋರ್ಟು ಕಟುವಾಗಿ ಟೀಕಿಸಿತು.

ಹಾಗಾದರೆ ಶಾಸನಸಭೆಗೆ ಉಳಿದದ್ದೇನು? ಸೇವಾ ನಿಯಮಗಳನ್ನು ಮಾಡುವ ಅಧಿಕಾರ ರಾಜ್ಯಕ್ಕಿದೆ. ಕರ್ನಾಟಕದಲ್ಲಿ ನ್ಯಾಯಾಂಗ ಸೇವೆಯ ನೇಮಕಾತಿಗೆ 1983ರಲ್ಲಿ ನಿಯಮಗಳು ಬಂದವು, 2004ರಲ್ಲಿ ಹೊಸವು ಬಂದವು. ನೇಮಕದ ಆದೇಶ ಸರ್ಕಾರದ ಹೆಸರಿನಲ್ಲೇ ಹೊರಡುತ್ತದೆ. ವಜಾ ಆದೇಶಕ್ಕೂ ರಾಜ್ಯಪಾಲರ ಮುದ್ರೆ ಬೀಳುತ್ತದೆ. ಆದರೆ ವಜಾ ಮಾಡಬೇಕೇ ಬೇಡವೇ ಎಂಬ ತೀರ್ಮಾನ ಹೈಕೋರ್ಟಿನದು, ಆ ಶಿಫಾರಸಿಗೆ ರಾಜ್ಯಪಾಲರು ಬದ್ಧರು. ಪಾತ್ರೆ ಸರ್ಕಾರದ್ದು, ಅಡಿಗೆ ಹೈಕೋರ್ಟಿನದು ಎನ್ನಬಹುದು.

1984ರ ಕರ್ನಾಟಕ ಲೋಕಾಯುಕ್ತ ಕಾಯಿದೆ ಬಂದಾಗ ಅನೇಕರು ಇನ್ನು ಎಲ್ಲರಿಗೂ ಲಗಾಮು ಬಿತ್ತೆಂದುಕೊಂಡರು. ಮಂತ್ರಿಯಿಂದ ಗ್ರಾಮಲೆಕ್ಕಿಗನವರೆಗೆ ಅದರ ಬಲೆ ಹರಡಿದ್ದು ನಿಜ. ಆದರೆ ನ್ಯಾಯಾಧೀಶರನ್ನು ಮಾತ್ರ ಕಾಯಿದೆ ಹೊರಗಿಟ್ಟಿತು. ಲೋಕಾಯುಕ್ತರು ಸ್ವತಃ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರೂ ಕೊರಟಗೆರೆಯ ನ್ಯಾಯಾಲಯದ ತೀರ್ಪಿನ ಬಗ್ಗೆ ಬಂದ ಅರ್ಜಿಯನ್ನು ಮುಟ್ಟುವಂತಿಲ್ಲ. ಇತ್ತ ಲೋಕಾಯುಕ್ತರನ್ನೇ ಪ್ರಶ್ನಿಸಬೇಕಾಗಿ ಬಂದಾಗ, 2015ರಲ್ಲಿ, ಅವರ ಪದಚ್ಯುತಿಯ ವಿಧಾನವನ್ನು ಬದಲಿಸಲು ಶಾಸನಸಭೆ ಕಾಯಿದೆಗೆ ತಿದ್ದುಪಡಿ ತಂದಿತು. ನ್ಯಾಯಮೂರ್ತಿಯಾಗಿ ನಿವೃತ್ತರಾದವರನ್ನು ಲೆಕ್ಕ ಕೇಳುವುದು ಶಾಸನಸಭೆಗೆ ಸಾಧ್ಯ, ಪೀಠದ ಮೇಲಿರುವವರನ್ನು ಕೇಳುವುದು ಸಾಧ್ಯವಿಲ್ಲ ಎಂಬ ಈ ವಿಚಿತ್ರವನ್ನು ಗಮನಿಸಬೇಕು.

ಇನ್ನು ಸಂಬಳದ ಮಾತು. ಶಿಸ್ತಿಗಿಂತ ಇದರಲ್ಲಿ ಸ್ವಾರಸ್ಯ ಹೆಚ್ಚು. ಹೈಕೋರ್ಟ್ ನ್ಯಾಯಮೂರ್ತಿಗಳ ವೇತನವನ್ನು ಸಂಸತ್ತು ಕಾನೂನಿನ ಮೂಲಕ ಗೊತ್ತುಮಾಡುತ್ತದೆ. ಹಣ ರಾಜ್ಯದ ಬೊಕ್ಕಸದ್ದು. ಅದು ಪ್ರಭೃತ ವೆಚ್ಚ, ಅಂದರೆ ವಿಧಾನಸಭೆ ಅದರ ಮೇಲೆ ಮತ ಹಾಕುವಂತಿಲ್ಲ. ಆದರೆ ತಾಲ್ಲೂಕಿನ ಮುನ್ಸೀಫರ ಸಂಬಳಕ್ಕೆ ಆ ಕವಚವಿಲ್ಲ. ಅದು ಪ್ರತಿ ವರ್ಷ ಬೇಡಿಕೆಯಾಗಿ ಸಭೆಯ ಮುಂದೆ ಬಂದು ಮತ ಪಡೆಯಬೇಕು. ಸರ್ಕಾರದ ಮೇಲೆ ಹೂಡಿದ ದಾವೆಗಳನ್ನು ಮೊದಲು ಕೇಳುವ ನ್ಯಾಯಾಧೀಶರೇ ಸಂಬಳಕ್ಕೆ ಸರ್ಕಾರದ ಮುಖ ನೋಡಬೇಕಾದ ಸ್ಥಿತಿ ಇದು. ಬಹಳ ವರ್ಷ ಅವರನ್ನು ಗುಮಾಸ್ತೆ, ಅಧಿಕಾರಿಗಳ ಸಾಲಿನಲ್ಲೇ ನಿಲ್ಲಿಸಿ ಸಾಮಾನ್ಯ ವೇತನ ಆಯೋಗಗಳು ತೂಗಿದವು.

ಅಖಿಲ ಭಾರತ ನ್ಯಾಯಾಧೀಶರ ಸಂಘ ಹೂಡಿದ ಮೊಕದ್ದಮೆಯಲ್ಲಿ 1991ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇದನ್ನು ಕೆದಕಿತು. ನಿವೃತ್ತಿ ವಯಸ್ಸು 58ರಿಂದ 60ಕ್ಕೆ ಏರಬೇಕು, ವಸತಿ ಬೇಕು, ಮನೆಯಲ್ಲಿ ಕಾನೂನು ಪುಸ್ತಕಗಳಿರಬೇಕು ಎಂದು ನಿರ್ದೇಶಿಸಿತು. ಖರ್ಚಿನ ಮಾತು ಬಂದೊಡನೆ ಕೇಂದ್ರ, ರಾಜ್ಯಗಳು ಪುನರ್‌ಪರಿಶೀಲನೆಗೆ ಓಡಿದವು. ಇದು ಕಾರ್ಯಾಂಗದ ಕೆಲಸ, ಕೋರ್ಟಿಗೇಕೆ ಎಂದವು. 1993ರ ಆಗಸ್ಟ್‌ನ ಉತ್ತರ ಸ್ಪಷ್ಟವಾಗಿತ್ತು. ನ್ಯಾಯಾಧೀಶರು ಸರ್ಕಾರದ ನೌಕರರಲ್ಲ, ಮಂತ್ರಿಗಳು ಮತ್ತು ಶಾಸಕರಂತೆ ಅವರೂ ಪ್ರಭುತ್ವದ ಅಧಿಕಾರವನ್ನು ಚಲಾಯಿಸುವವರು. ಹೋಲಿಸುವುದಾದರೆ ಅವರೊಡನೆ ಹೋಲಿಸಿ, ಸೆಕ್ರೆಟರಿಯೇಟಿನ ಸಿಬ್ಬಂದಿಯೊಡನೆ ಬೇಡ.

ಇದರ ಫಲವೇ 1996ರ ಮಾರ್ಚ್ 21ರಂದು ನೇಮಕವಾದ ಮೊದಲ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗ. ಅಧ್ಯಕ್ಷರು ಕೆ. ಜಗನ್ನಾಥ ಶೆಟ್ಟಿ. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದು, ಅಲಹಾಬಾದಿನಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿ, ಮುಂದೆ ಸುಪ್ರೀಂ ಕೋರ್ಟಿಗೆ ಹೋದವರು. 1999ರ ನವೆಂಬರ್‌ನಲ್ಲಿ ವರದಿ ಬಂತು. ಕಿರಿಯ ಸಿವಿಲ್ ನ್ಯಾಯಾಧೀಶರಿಗೆ ತಿಂಗಳಿಗೆ 9,000 ರೂಪಾಯಿಂದ 14,550 ರೂಪಾಯಿವರೆಗಿನ ಶ್ರೇಣಿಯನ್ನು ಅದು ಸೂಚಿಸಿತು. 2002ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಬಹುಪಾಲು ಶಿಫಾರಸುಗಳನ್ನು ಒಪ್ಪಿತು. ಅರ್ಧ ಹೊರೆಯನ್ನು ಕೇಂದ್ರ ಹೊರಬೇಕೆಂಬ ಸಲಹೆಯನ್ನು ಮಾತ್ರ ಒಪ್ಪಲಿಲ್ಲ. ಹೀಗೆ ಹೊರೆ ರಾಜ್ಯಗಳ ಹೆಗಲಿಗೇ ಬಿತ್ತು. ಎರಡನೆಯ ಆಯೋಗದ ಅಧ್ಯಕ್ಷರು ಪಿ. ವೆಂಕಟರಾಮ ರೆಡ್ಡಿ, ಅದರ ಶಿಫಾರಸಿನಂತೆ 2016ರ ಜನವರಿ 1ರಿಂದ ಆರಂಭದ ಮೂಲವೇತನ 77,840 ರೂಪಾಯಿ.

ಅದೇ 2002ರ ತೀರ್ಪಿನಲ್ಲಿ ಇನ್ನೊಂದು ಮಾತಿತ್ತು: ಹತ್ತು ಲಕ್ಷ ಜನರಿಗೆ ಇದ್ದ 10.5 ಅಥವಾ 13 ನ್ಯಾಯಾಧೀಶರ ಸಂಖ್ಯೆ ಐದು ವರ್ಷದಲ್ಲಿ 50ಕ್ಕೆ ಏರಬೇಕು. ಸಂಬಳ ಏರಿತು, ಸಂಖ್ಯೆ ಇಂದಿಗೂ ಅದರ ಅರ್ಧವನ್ನು ಮುಟ್ಟಿಲ್ಲ. ಕೊರಟಗೆರೆಯ ಬದುವಿನ ವ್ಯಾಜ್ಯ ಮುಂದೂಡಿಕೆಯ ಮೇಲೆ ಮುಂದೂಡಿಕೆ ಕಾಣುವುದಕ್ಕೆ ಸಾಹೇಬರ ಸೋಮಾರಿತನವೇ ಕಾರಣವೆಂದು ಬಗೆಯುವ ಮುನ್ನ ಅವರ ಮೇಜಿನ ಮೇಲಿನ ಕಟ್ಟುಗಳನ್ನೂ ಎಣಿಸಬೇಕು.

ಸಂಬಳ ಕೊಡಿ ಎಂದ ಜಗನ್ನಾಥ ಶೆಟ್ಟರೇ ಲೆಕ್ಕವನ್ನೂ ಕೊಡಿ ಎಂದವರು. 1991ರ ವೀರಸ್ವಾಮಿ ಮೊಕದ್ದಮೆಯಲ್ಲಿ, ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೂ ಭ್ರಷ್ಟಾಚಾರ ತಡೆ ಕಾಯಿದೆಯ ಪ್ರಕಾರ ಸಾರ್ವಜನಿಕ ಸೇವಕರೇ ಎಂದು ಬಹುಮತದ ತೀರ್ಪು ಬರೆದವರು ಅವರು. ಜೊತೆಗೆ ಸಹಿ ಹಾಕಿದವರು ಎಂ.ಎನ್. ವೆಂಕಟಾಚಲಯ್ಯ. ಆದರೆ ಮುಖ್ಯ ನ್ಯಾಯಮೂರ್ತಿಯ ಜೊತೆ ಸಮಾಲೋಚಿಸದೆ ಮೊಕದ್ದಮೆ ದಾಖಲಿಸಬಾರದೆಂಬ ಬೇಲಿಯನ್ನೂ ಹಾಕಿದರು. ಮೇಲಿನವರನ್ನು ತೆಗೆಯಲು ಸಂಸತ್ತಿನ ಮಹಾಭಿಯೋಗವೊಂದೇ ದಾರಿ, ಅದು ಎಷ್ಟು ಕಡಿದೆಂಬುದನ್ನು 1993ರಲ್ಲಿ ಲೋಕಸಭೆ ತೋರಿಸಿತು: ನ್ಯಾಯಮೂರ್ತಿ ವಿ. ರಾಮಸ್ವಾಮಿಯವರ ವಿರುದ್ಧದ ಗೊತ್ತುವಳಿಗೆ 196 ಮತ ಬಿದ್ದು, ವಿರುದ್ಧ ಒಂದೂ ಬೀಳದೆ, 205 ಮಂದಿ ತಟಸ್ಥರಾಗಿ ಗೊತ್ತುವಳಿ ಬಿತ್ತು. ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ವಿರುದ್ಧ 2009ರಲ್ಲಿ ರಾಜ್ಯಸಭೆಯಲ್ಲಿ ಗೊತ್ತುವಳಿ ಬಂತು. ಅವರು 2010ರಲ್ಲಿ ಸಿಕ್ಕಿಂಗೆ ವರ್ಗವಾಗಿ, 2011ರಲ್ಲಿ ವಿಚಾರಣೆ ಮುಗಿಯುವ ಮೊದಲೇ ರಾಜೀನಾಮೆ ಕೊಟ್ಟರು. ಅದೇ 2009ರಲ್ಲಿ ಕರ್ನಾಟಕ ಹೈಕೋರ್ಟಿನ ಡಿ.ವಿ. ಶೈಲೇಂದ್ರ ಕುಮಾರ್ ಅವರು, ಆಸ್ತಿ ಘೋಷಿಸಲು ನ್ಯಾಯಮೂರ್ತಿಗಳು ಹಿಂಜರಿಯಬಾರದೆಂದು ಬಹಿರಂಗವಾಗಿ ಬರೆದದ್ದು ದೊಡ್ಡ ಸುದ್ದಿಯಾಯಿತು.

ಮತ್ತೆ ಬಸ್ಸಿಗೆ ಕಾಯುವ ಕಕ್ಷಿದಾರನ ಪ್ರಶ್ನೆಗೆ ಬರೋಣ. ಅವನಿಗೆ ದಾರಿ ಎರಡಿವೆ, ಎರಡನ್ನೂ ಬೆರೆಸಬಾರದು. ತೀರ್ಪು ತಪ್ಪೆನಿಸಿದರೆ ಅದು ಅಪೀಲಿನ ವಿಷಯ, ದೂರಿನ ವಿಷಯವಲ್ಲ. ಸೋತ ಸಿಟ್ಟಿನಲ್ಲಿ ಬರೆದ ದೂರುಗಳಿಂದ ಪ್ರಾಮಾಣಿಕ ನ್ಯಾಯಾಧೀಶರನ್ನು ಹೈಕೋರ್ಟು ಕಾಪಾಡಬೇಕೆಂದು 1988ರ ಈಶ್ವರಚಂದ್ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಲಂಚ, ಪಕ್ಷಪಾತ, ಅಸಭ್ಯ ನಡವಳಿಕೆ ಇದ್ದರೆ ದೂರು ಹೋಗಬೇಕಾದದ್ದು ಬೆಂಗಳೂರಿನ ಹೈಕೋರ್ಟಿಗೆ. ಹೆಸರಿಲ್ಲದ ಮೂಗರ್ಜಿ ನಡೆಯದು. ಕನ್ನಡಿಗರಾದ ಎಚ್.ಎಲ್. ದತ್ತು ಅವರು ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದಾಗ, 2014ರ ಅಕ್ಟೋಬರ್‌ನಲ್ಲಿ, ಎಲ್ಲ ಹೈಕೋರ್ಟುಗಳಿಗೂ ಬರೆದ ಪತ್ರದಂತೆ ದೂರಿನ ಜೊತೆ ಪ್ರಮಾಣಪತ್ರವಿರಬೇಕು, ಪರಿಶೀಲಿಸಬಹುದಾದ ಆಧಾರವಿರಬೇಕು. ಆಣೆ ಮಾಡಿ ಬರೆದದ್ದು ಸುಳ್ಳೆಂದು ಸಾಬೀತಾದರೆ ಬರೆದವನೇ ಕಟಕಟೆ ಹತ್ತಬೇಕಾದೀತು. ಸಾಕ್ಷಿ ಹೇಳಲು ಊರಿನವರು ಮುಂದೆ ಬಾರದ ಕಡೆ ಇದು ಬಡ ಕಕ್ಷಿದಾರನಿಗೆ ಭಾರವೇ ಸರಿ.

ಇನ್ನೊಂದು ವಿಷಯ ನೆನಪಿನಲ್ಲಿರಲಿ. ಕೊರಟಗೆರೆಯ ಡಿಕ್ರಿಯ ಮೇಲೆ ಅಪೀಲು ಹಾಕಲು ಇರುವುದು 30 ದಿನ. ಹೈಕೋರ್ಟಿಗೆ ದೂರು ಕಳಿಸಿದ್ದೇನೆಂದು ಕೈಕಟ್ಟಿ ಕುಳಿತರೆ ಆ ದಿನಗಳು ನಿಲ್ಲುವುದಿಲ್ಲ. ನ್ಯಾಯಾಧೀಶರ ಮೇಲೆ ಕ್ರಮವಾದರೂ ಬದುವಿನ ಡಿಕ್ರಿ ತಾನಾಗಿ ರದ್ದಾಗುವುದಿಲ್ಲ. ಅದನ್ನು ಮಧುಗಿರಿಯಲ್ಲೋ ತುಮಕೂರಿನಲ್ಲೋ ಅಪೀಲಿನಲ್ಲೇ ಬಿಡಿಸಿಕೊಳ್ಳಬೇಕು.