ನಮ್ಮ ಮನೆಯ ಅಕ್ಷರದ ಇಸ್ಪೀಟು

(ಸೋಮನಹಳ್ಳಿಯ ಪ್ರೆಸ್ ಮಾಲೀಕರೊಬ್ಬರು ಕನ್ನಡದ ತರುಣರ ಮುಂದೆ ಆಡಿದ ಮಾತು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ, ಮದುವೆ ಕರೆಯೋಲೆ, ಬಿಲ್ ಪುಸ್ತಕ, ನಿಮ್ಮಂಥವರ ಕರಪತ್ರ ಅಚ್ಚು ಹಾಕಿ ಬದುಕುವವನು. ಇವತ್ತು ಇಸ್ಪೀಟಿನ ಬಗ್ಗೆ ಮಾತಾಡುತ್ತೇನೆ. ನಗಬೇಡಿ. ನಮ್ಮವ್ವನಿಗಂತೂ ನಗು ಬರಲಿಲ್ಲ, ಸಿಟ್ಟು ಬಂತು. ಅವಳ ತಮ್ಮ ಅಂದರ್ ಬಾಹರ್‌ನಲ್ಲಿ ಗದ್ದೆ ಕಳೆದುಕೊಂಡವನು.

ದಸರಾ ರಜೆಗೆ ಬೆಂಗಳೂರಿನಿಂದ ಬಂದ ತಂಗಿಯ ಮಗ ನನ್ನ ಪ್ರೆಸ್ಸಿನ ಬೋರ್ಡು ಓದಲಾರದೆ ನಿಂತ. ಹನ್ನೊಂದು ವರ್ಷ. ಬಾಯಲ್ಲಿ ಕನ್ನಡವಿದೆ, ಕಣ್ಣಿಗಿಲ್ಲ. ರಜೆಯಲ್ಲಿ ಮಗ್ಗಿಯ ಹಾಗೆ ಕಲಿಸಲು ಕೂತರೆ ಮುಂದಿನ ವರ್ಷ ಅವನು ಬರುವುದಿಲ್ಲ. ಕಟಿಂಗ್ ಮೆಶಿನ್ನಿನ ಕೆಳಗೆ ಕರೆಯೋಲೆಯ ತುಂಡುಗಳು ಬಿದ್ದಿದ್ದವು, ಅದರಲ್ಲೇ ಎಲೆ ಕತ್ತರಿಸಿದೆ.

ಎಲೆಯಾಟ ಕಟ್ಟುವುದು ನಮ್ಮ ಸೀಮೆಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ (1794-1868) ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ 13 ಗಂಜೀಫಾ ಆಟಗಳಿವೆ. ಕಟ್ಟೊಂದಕ್ಕೆ 36ರಿಂದ 360 ಎಲೆಯವರೆಗೆ. ಅರಸರ ಬಳಿ ಚಿತ್ರಗಾರರಿದ್ದರು. ನನ್ನ ಬಳಿ ಇದ್ದದ್ದು 34 ವ್ಯಂಜನ. ಒಂದೊಂದಕ್ಕೆ ಎರಡೆಲೆ, ಒಟ್ಟು 68.

ಮೊದಲ ಕಟ್ಟು ಒಂದೇ ದಿನಕ್ಕೆ ಕೆಟ್ಟಿತು. ತುಂಡುಗಳು ಬೇರೆ ಬೇರೆ ಮದುವೆಯವು. ಹಿಂದೆ ಗಣಪತಿಯ ಸೊಂಡಿಲಿದ್ದರೆ ಅದು ಙ ಎಂದು ಹುಡುಗ ಗುರುತು ಹಿಡಿದುಬಿಟ್ಟ! ಎರಡನೆಯದಕ್ಕೆ ಒಂದೇ ರಟ್ಟು, ಹಿಂಬದಿಗೆಲ್ಲ ಒಂದೇ ಬಣ್ಣ. ಅಕ್ಷರವೂ ದಪ್ಪ ಬೇಕಾಯಿತು. ದ-ಧ, ಡ-ಢ, ಪ-ಫ ನಡುವೆ ಇರುವುದು ಕೆಳಗಿನ ಸಣ್ಣ ಗೆರೆ; ದೀಪದ ಬೆಳಕಿನಲ್ಲಿ ಅವ್ವನಿಗೆ ಕಾಣಬೇಡವೆ?

ಆಟ ಹೀಗೆ. ತಲೆಗೆ ಏಳೆಲೆ. ಮಿಕ್ಕದ್ದು ಗುಡ್ಡೆ, ಅದರಿಂದ ಒಂದೆಲೆ ನೆಲಕ್ಕೆ. ನೆಲದ ಅಕ್ಷರವೂ ನಿಮ್ಮ ಕೈಯ ಅಕ್ಷರವೂ ಇರುವ ಒಂದು ಪದ ಹೇಳಿ ಎಲೆ ಇಳಿಸಬೇಕು. ಕಾಗುಣಿತ, ಒತ್ತು ಯಾವುದಾದರೂ ಆದೀತು. ಕ ಬಿದ್ದಿದೆ, ಕೈಯಲ್ಲಿ ಣ ಇದೆ, 'ಕಣ' ಅನ್ನಿ. ಮ ಮೇಲೆ ಳ, 'ಮಳೆ'. ತೋಚದಿದ್ದರೆ ಗುಡ್ಡೆಯಿಂದ ಒಂದೆಲೆ ಎತ್ತಿಕೊಳ್ಳಿ. ಮೊದಲು ಕೈ ಖಾಲಿ ಮಾಡಿದವರು ಗೆದ್ದರು. ಙ, ಞ ಮಾತ್ರ ರಾಜರು: ಯಾವುದರ ಮೇಲಾದರೂ ಕೂರುತ್ತಾರೆ, ಅವರ ಮೇಲೆ ಯಾರು ಬೇಕಾದರೂ ಕೂರಬಹುದು.

ದುಡ್ಡಿಲ್ಲ ಎಂದು ಖಾತ್ರಿಯಾದ ಮೇಲೆ ಅವ್ವನೂ ಕೂತಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನೆಲದಲ್ಲಿ ತ. ಅವಳು ಬ ಇಳಿಸಿ 'ಬತ್ತ' ಅಂದಳು. ನನ್ನ ಮಗಳು, ಕನ್ನಡದಲ್ಲಿ ಕ್ಲಾಸಿಗೇ ಮೊದಲು, 'ಅಜ್ಜೀ, ಅದು ಭತ್ತ' ಎಂದು ನಕ್ಕಳು. ಹುಡುಗನೂ ನಕ್ಕ. ಸುಳ್ಳೇಕೆ, ನಾನೂ ನಕ್ಕೆ. ಅವ್ವ ಎಲೆಗಳನ್ನು ಮಗುಚಿಟ್ಟು ಒಳಗೆ ಹೋದಳು.

ಆ ಬತ್ತ ನಾಟಿ ಮಾಡಿ, ಕಳೆ ಕಿತ್ತು, ಕುಯ್ದು ನನ್ನನ್ನು ಓದಿಸಿದವಳು ಅವಳು. ನಿಘಂಟು ತೆಗೆದೆ. ಎರಡೂ ಇವೆ. ಇಲ್ಲದಿದ್ದರೆ ಏನು ಮಾಡುತ್ತಿದ್ದೆ ಎಂದು ಆಮೇಲೆ ನಾಚಿಕೆಯಾಯಿತು. ನಮ್ಮ ಬಾಯಿಗೆ ನಿಘಂಟಿನ ರಹದಾರಿ ಏಕೆ?

ಮಾರನೇ ದಿನ ಕಾಯಿದೆ ಬದಲಾಯಿತು: ಮನೆಯಲ್ಲಿ ಆಡುವಂತೆ ಆಡಿದ ಪದ ಸರಿ, ಬೇರೆಯವರಿಗೆ ಗೊತ್ತಿಲ್ಲದಿದ್ದರೆ ಹೇಳಿದವರು ಅರ್ಥ ಬಿಡಿಸಬೇಕು. ಅವ್ವನನ್ನು ಕರೆತರಲು ಮಗಳನ್ನೇ ಕಳಿಸಿದೆ. ಒಳಗೆ ಏನು ಮಾತಾಯಿತೋ ನಾನು ಕೇಳಲಿಲ್ಲ, ಇಬ್ಬರೂ ಬಂದರು.

ಆಮೇಲೆ ನೋಡಬೇಕಿತ್ತು. ಮಂಕರಿ, ಮಿಣಿ, ಕೊಪ್ಪರಿಗೆ, ಹಗೇವು! ಹಗೇವು ಅಂದರೆ ನೆಲದೊಳಗೆ ರಾಗಿ ತುಂಬಿಡುವ ಗುಂಡಿ ಎಂದು ಬಿಡಿಸಿ ಹೇಳಲು ಅವ್ವ ಅರ್ಧ ಗಂಟೆ ತೆಗೆದುಕೊಂಡಳು. ಆಟ ನಿಂತೇಹೋಯಿತು, ಯಾರೂ ಬೇಸರಪಡಲಿಲ್ಲ.

ಹುಡುಗ ಒಂದು ಕಟ್ಟು ಬೆಂಗಳೂರಿಗೆ ಒಯ್ದ. ಹೋದ ಭಾನುವಾರ ಫೋನು ಮಾಡಿ, 'ಅಜ್ಜೀ, ನೆಲದಲ್ಲಿ ಢ, ನನ್ನ ಕೈಲಿ ರ, ಬೇಗ ಹೇಳು' ಅಂದ. ಅವ್ವ 'ಡಂಗುರ ಅನ್ನು' ಅಂದಳು. ಡ ಅಂದಳೋ ಢ ಅಂದಳೋ, ಪಕ್ಕದಲ್ಲಿದ್ದ ನನಗೂ ತಿಳಿಯಲಿಲ್ಲ. ಹುಡುಗ ಎಲೆ ಇಳಿಸಿದ.