ಕೀಲಿಮಣೆಗೆ ಒಗ್ಗದ ಲಿಪಿ

ಎ.ಪಿ.ಎಲ್. ಎಂಬ ಗಣಕಭಾಷೆ ಹುಟ್ಟಿದ್ದು ಯಂತ್ರದ ಹಂಗಿಲ್ಲದೆ, ಕಪ್ಪುಹಲಗೆಯ ಮೇಲೆ. ಹಾರ್ವರ್ಡಿನಲ್ಲಿ ಪಾಠ ಹೇಳುತ್ತಿದ್ದ ಕೆನಡಾದ ಕೆನೆತ್ ಐವರ್ಸನ್ ತಮ್ಮ ಬೋಧನೆಗೆಂದು ಕಲ್ಪಿಸಿದ ಸಂಕೇತಗಳು 1962ರಲ್ಲಿ ಪುಸ್ತಕವಾದವು. ಅಂಕಿಗಳ ಇಡೀ ಸಾಲನ್ನೇ ಒಂದು ವಸ್ತುವೆಂದು ಎಣಿಸುವುದು ಅದರ ಬಗೆ. ನೂರು ಅಂಕಿಗಳನ್ನು ಕೂಡಬೇಕೆ? ಕೂಡುವ ಚಿಹ್ನೆ, ಒಂದು ಓರೆಗೆರೆ, ಸಾಲಿನ ಹೆಸರು, ಮುಗಿಯಿತು.

1966ರಲ್ಲಿ ಐ.ಬಿ.ಎಂ. ಸಂಸ್ಥೆ ಅದನ್ನು ಯಂತ್ರಕ್ಕೆ ಕಲಿಸಿತು. ಆದರೆ ಆ ವಿಚಿತ್ರ ಚಿಹ್ನೆಗಳನ್ನು ಅಚ್ಚೊತ್ತಲು ಬೇರೆಯೇ ಅಕ್ಷರಗುಂಡು ಬೇಕಾಯಿತು. 1979ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸಿದಾಗ ಐವರ್ಸನ್ ಆಡಿದ್ದು, ಸಂಕೇತವು ಆಲೋಚನೆಯ ಸಾಧನವೆಂಬ ವಿಷಯವನ್ನೇ. ಅಂಥವರೇ 1990ರಲ್ಲಿ ರೋಜರ್ ಹುಯಿ ಅವರೊಡನೆ ಜೆ ಎಂಬ ಭಾಷೆಯನ್ನು ರಚಿಸುವಾಗ ಆ ಲಿಪಿಯನ್ನು ಕೈಬಿಟ್ಟು, ಸಾಮಾನ್ಯ ಕೀಲಿಮಣೆಯ ಚುಕ್ಕೆ, ಜೋಡಿಚುಕ್ಕೆಗಳಿಗೆ ಒಪ್ಪಿಕೊಂಡರು. ವಿವೇಕವೇನೋ ಹೌದು, ಆದರೂ ನನ್ನ ಮನಸ್ಸಿಗೆ ಅದು ಶರಣಾಗತಿಯಂತೆ ತೋರುತ್ತದೆ. ಇಂಗ್ಲೆಂಡಿನ ಡಯಲಾಗ್ ಎಂಬ ಕಂಪನಿ ಹಳೆಯ ಚಿಹ್ನೆಗಳ ಭಾಷೆಯನ್ನೇ ಇಂದಿಗೂ ಮಾರುತ್ತಿದೆ.